ಬಸ್ಸು ತಪ್ಪಿದವನ ಬಿಸಿನೆಸ್ ಇಂಗ್ಲಿಷ್

ಜೂನ್ 4

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲೆ ಆಸೀನರಾಗಿರುವ ಗಣ್ಯರೇ, ಮುಂದಿನ ಸಾಲಿನಲ್ಲಿ ಕೂತು ಆಗಲೇ ಆಕಳಿಸಲು ಬಾಯಿ ತೆರೆದಿರುವ ಮಹನೀಯರೇ, ಹಿಂದಿನ ಸಾಲಿನಲ್ಲಿ ಕಾಲಿನಿಂದಲೇ ಚಪ್ಪಲಿ ಹುಡುಕುತ್ತಿರುವ ಮಹಾಜನಗಳೇ, ಹಾಗೂ ಇವರೆಲ್ಲರ ಪರವಾಗಿ ಒಬ್ಬಳೇ ಕೂತು ಓದುತ್ತಿರುವ ಅಕ್ಕ,

ಇಂದಿನ ಉಪನ್ಯಾಸದ ವಿಷಯ: ನಲವತ್ತಾರು ತುಂಬಿದ ಗಂಡಸು, ಅದರಲ್ಲೂ ಕನ್ನಡ ಮಾಧ್ಯಮದ ಪದವೀಧರ, ವ್ಯಾಪಾರದ ಇಂಗ್ಲಿಷ್ ಕಲಿಯುವುದು ಸಾಧ್ಯವೇ, ಸಾಧುವೇ, ಮತ್ತು ಸಾಯುವುದರೊಳಗೆ ಮುಗಿಯುತ್ತದೆಯೇ?

ಹಿನ್ನೆಲೆ ಹೇಳಿಬಿಡುತ್ತೇನೆ. ನಮ್ಮ ಏಣಿ ಕಾರ್ಖಾನೆಯನ್ನು ದೊಡ್ಡ ಕಂಪನಿಯೊಂದು ಕೊಂಡುಕೊಂಡಿದೆ. ಹಳೆಯ ಮಾಲೀಕರು ಹೋಗುವಾಗ ನಮಗೆಲ್ಲ ಒಂದೊಂದು ಪೆನ್ನು ಕೊಟ್ಟರು. ಹೊಸಬರು ಬರುವಾಗ ಒಂದೊಂದು ಪುಸ್ತಕ ಕೊಟ್ಟರು. ಪೆನ್ನು ಹಗುರವಾಗಿತ್ತು. ಪುಸ್ತಕದಲ್ಲಿ ಹಣಕಾಸು, ಮಾರುಕಟ್ಟೆ, ಕಚೇರಿ ಅಂತ ಮೂರು ಭಾಗ, ಒಟ್ಟು ಆರುನೂರು ಇಂಗ್ಲಿಷ್ ಪದ. ಆಗಸ್ಟ್ ಹನ್ನೆರಡಕ್ಕೆ ಪ್ರತಿ ವಿಭಾಗದ ಮುಖ್ಯಸ್ಥನೂ ಹೊಸ ಆಡಳಿತದವರ ಮುಂದೆ ನಿಂತು ತನ್ನ ವಿಭಾಗದ ಬಗ್ಗೆ ಹತ್ತು ನಿಮಿಷ ಇಂಗ್ಲಿಷಿನಲ್ಲಿ ಮಾತಾಡಬೇಕು. ಮಾತಾಡಿದವನಿಗೆ ಕುರ್ಚಿ ಉಳಿಯುತ್ತದೆ. ಆಗದವನು ಅಂಗಳಕ್ಕೆ ಹೋಗಿ ಬಿಸಿಲಲ್ಲಿ ನಿಂತು ಲಾರಿ ನಂಬರು ಬರೆದುಕೊಳ್ಳಬೇಕು.

ನಿನಗೆ ಗೊತ್ತೇ ಇದೆ, ಇಪ್ಪತ್ತೆರಡು ವರ್ಷದಿಂದ ಇಲ್ಲಿದ್ದೇನೆ, ಹನ್ನೊಂದು ವರ್ಷದಿಂದ ರವಾನೆ ವಿಭಾಗ ನನ್ನದು. ಈ ಹನ್ನೊಂದು ವರ್ಷದಲ್ಲಿ ಒಂದೇ ಒಂದು ಏಣಿ ತಪ್ಪು ವಿಳಾಸಕ್ಕೆ ಹೋಗಿಲ್ಲ. ಇದನ್ನು ಕನ್ನಡದಲ್ಲಿ ಹೇಳಲು ನನಗೆ ಅರ್ಧ ನಿಮಿಷ ಸಾಕು. ಉಳಿದ ಒಂಬತ್ತೂವರೆ ನಿಮಿಷ ಎದೆ ಉಬ್ಬಿಸಿಕೊಂಡು ಸುಮ್ಮನೆ ನಿಂತುಕೊಳ್ಳಬಲ್ಲೆ.

ವಾರಕ್ಕೆರಡು ದಿನ ಸಂಜೆ ನಾಲ್ಕಕ್ಕೆ ಕ್ಯಾಂಟೀನಿನಲ್ಲಿ ಪಾಠ. ಪಾಠ ಮಾಡುವ ಮೇಡಂಗೆ ಇಪ್ಪತ್ತೈದೂ ದಾಟಿಲ್ಲ. ಅವರು ಪದ ಬರೆಯುತ್ತಾರೆ, ನಾವು ತಲೆಯಾಡಿಸುತ್ತೇವೆ, ಮನೆಗೆ ಬರುವಷ್ಟರಲ್ಲಿ ತಲೆ ಮಾತ್ರ ಉಳಿದಿರುತ್ತದೆ. ಹಾಗಾಗಿ ನನ್ನದೇ ದಾರಿ ಹಿಡಿದಿದ್ದೇನೆ. ಪದಕ್ಕೊಂದು ಪ್ರಾಸ. ಸಭೆಯ ಅವಗಾಹನೆಗೆ:

ಡೆಡ್‌ಲೈನ್ ಎಂದರೆ ಗಡುವು,
ಅದು ಬಂದರೆ ಇಲ್ಲ ಬಿಡುವು.

ಲಯಬಿಲಿಟಿ ಎಂದರೆ ಹೊರೆ,
ಅಸೆಟ್ ಎಂದರೆ ಆಸರೆ.

ಡೆಪ್ರಿಸಿಯೇಷನ್ ಎಂದರೆ ಸವಕಲು,
ಅದಕ್ಕೆ ಸಾಕ್ಷಿ ನನ್ನ ಮಂಡಿ ಕೀಲು.

ಹೇಗಿದೆ? ಚಪ್ಪಾಳೆ ಬೇಡ, ಹೃದಯ ದುರ್ಬಲ.

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನಾವಿಬ್ಬರೂ ‘ಊಟ ಆಯ್ತಾ’, ‘ಆಯ್ತು’ ಮುಗಿದ ಮೇಲೆ ಒಬ್ಬರ ಉಸಿರು ಒಬ್ಬರು ಕೇಳಿಕೊಂಡು ನಿಲ್ಲುತ್ತೇವೆ. ಕಾಗದವೇ ವಾಸಿ. ನಡುವೆ ಬಾಯಿ ಹಾಕುವವರಿರುವುದಿಲ್ಲ.

ಇಂತಿ ನಿನ್ನ,
ಪ್ರಾಸಪ್ಪ


ಜೂನ್ 13

ಪ್ರಾಸಪ್ಪನಿಗೆ ಅಕ್ಕನ ಆಶೀರ್ವಾದ.

ಉಪನ್ಯಾಸ ತಲುಪಿತು. ಅಧ್ಯಕ್ಷರು, ಗಣ್ಯರು, ಚಪ್ಪಲಿ ಹುಡುಕುವವರು ಎಲ್ಲರ ಪರವಾಗಿ ಓದಿದೆ. ನಿನ್ನ ಭಾವನಿಗೂ ಓದಿ ಹೇಳಿದೆ. ಮಂಡಿ ಕೀಲಿಗೆ ಅವರು ತಮ್ಮ ಮಂಡಿ ಮುಟ್ಟಿಕೊಂಡು ನಕ್ಕರು.

ನಿನ್ನ ‘ಮಾನ್ಯ ಅಧ್ಯಕ್ಷರೇ’ ನೋಡಿ ಹಳೆಯದು ನೆನಪಾಯಿತು. ರಜೆಗೆ ನಾನು ಮನೆಗೆ ಬಂದಾಗಲೆಲ್ಲ ಮಂಚದ ಮೇಲೆ ನಿಂತು ಭಾಷಣ ಮಾಡುತ್ತಿದ್ದೆಯಲ್ಲ, ಅದು. ಇರಲಿ ಬಿಡು.

ವಿಷಯಕ್ಕೆ ಬರುತ್ತೇನೆ. ಪಿಂಗಾಣಿ ಕಂಪನಿಯಲ್ಲಿ ಕೂತು ನಾನು ಇಪ್ಪತ್ತನಾಲ್ಕು ವರ್ಷದಿಂದ ಮಾಡುತ್ತಿರುವುದು ಇದೇ ಕೆಲಸ. ಕಪ್ಪು ಒಡೆದು ತಲುಪಿದರೆ ಇಂಗ್ಲಿಷಿನಲ್ಲಿ ಕ್ಷಮೆ ಕೇಳುವುದು, ಒಡೆಯದೆ ತಲುಪಿದರೆ ಇಂಗ್ಲಿಷಿನಲ್ಲಿ ಇನ್ನಷ್ಟು ಕೊಳ್ಳಿ ಅನ್ನುವುದು. ನಿನ್ನ ಹತ್ತು ನಿಮಿಷದ ಮಾತನ್ನು ನಿನಗೆ ತೋಚಿದ ಹಾಗೆ ಕನ್ನಡದಲ್ಲಿ ಬರೆದು ಕಳಿಸು. ನಾನು ಇಂಗ್ಲಿಷ್ ಮಾಡಿ ವಾಪಸ್ ಹಾಕುತ್ತೇನೆ. ಕನ್ನಡ ಅಕ್ಷರದಲ್ಲೇ ಬರೆಯುತ್ತೇನೆ, ಓದಿಕೊಳ್ಳಲು ಸುಲಭ. ಯಾರಿಗೂ ಹೇಳುವುದಿಲ್ಲ.

ಮಂಡಿಗೆ ಬಿಸಿನೀರು ಹಾಕುತ್ತಿದ್ದೀಯಾ?

ಅಕ್ಕ


ಜೂನ್ 24

ಸಭಿಕರೇ, ಸಭ್ಯರೇ, ಸಾವಿರಾರು ಸಂಖ್ಯೆಯಲ್ಲಿ ನೆರೆದಿರುವ ಒಬ್ಬಳೇ ಅಕ್ಕ,

ಎರಡನೆಯ ಉಪನ್ಯಾಸಕ್ಕೆ ಸ್ವಾಗತ. ಹಣಕಾಸು ಮುಗಿದು ಮಾರುಕಟ್ಟೆಗೆ ಬಂದಿದ್ದೇವೆ.

ಟಾರ್ಗೆಟ್ ಆಡಿಯನ್ಸ್ ಯಾರಪ್ಪ?
ಏಣಿ ಬೇಕಾದ ಗಿಡ್ಡಪ್ಪ.

ಬ್ರ್ಯಾಂಡ್ ಲಾಯಲ್ಟಿ ಎಂದರೆ ನಿಷ್ಠೆ,
ಹೆಂಡತಿಗೆ ಸೋಪಿನ ಮೇಲಿರುವಷ್ಟೆ.

ಸ್ಟೇಕ್‌ಹೋಲ್ಡರ್ ಎಂದರೆ ಹಿತಾಸಕ್ತ,
ಮೀಟಿಂಗಿನಲ್ಲಿ ನಿದ್ರಾಸಕ್ತ.

ಪದಗಳನ್ನು ಸಣ್ಣ ಚೀಟಿಗಳಲ್ಲಿ ಬರೆದು ಮನೆ ತುಂಬ ಅಂಟಿಸಿದ್ದೇನೆ. ಕನ್ನಡಿಯ ಮೇಲೆ ಅಪ್ರೈಸಲ್, ನಲ್ಲಿಯ ಮೇಲೆ ಕ್ಯಾಶ್ ಫ್ಲೋ, ಗಡಿಯಾರದ ಕೆಳಗೆ ಡೆಡ್‌ಲೈನ್. ಫ್ರಿಜ್ಜಿನ ಬಾಗಿಲಿಗೆ ಅಸೆಟ್ ಅಂಟಿಸಿದ್ದೆ. ಹೆಂಡತಿ ಒಂದು ವಾರ ತಾಳಿಕೊಂಡಳು. ಮೊನ್ನೆ ಕಾರ್ಖಾನೆಗೆ ಹೋದರೆ ಪ್ಯಾಕಿಂಗಿನವರೆಲ್ಲ ನನ್ನ ಬೆನ್ನ ಹಿಂದೆ ಮುಸಿಮುಸಿ ನಗುತ್ತಿದ್ದಾರೆ. ಅಂಗಿ ಬಿಚ್ಚಿ ನೋಡಿದರೆ ಬೆನ್ನಿಗೆ ಲಯಬಿಲಿಟಿ. ಅವಳನ್ನು ಕೇಳಿದರೆ, “ಅರ್ಥ ಸರಿಯಾಗಿದೆಯಾ ಅಂತ ಪರೀಕ್ಷೆ ಮಾಡಿದೆ ಕಣ್ರೀ” ಅಂದಳು.

ಸಹಾಯ ಮಾಡುತ್ತೇನೆ ಅಂದೆಯಲ್ಲ, ಸಭೆ ಅದಕ್ಕೆ ವಂದನೆ ಸಲ್ಲಿಸುತ್ತದೆ. ಆದರೆ ದೊರೆಸಾನಿಯವರ ಸಮಯ ಅಮೂಲ್ಯ. ಒಡೆದ ಕಪ್ಪುಗಳು ಕಾಯುತ್ತಿರುತ್ತವೆ. ಇಲ್ಲಿ ಎಲ್ಲ ಸಲೀಸಾಗಿ ನಡೆದಿದೆ. ಮೇಡಂ ನಿನ್ನೆ ನನ್ನ ಕಡೆ ನೋಡಿ ‘ಗುಡ್’ ಅಂದರು. ಪಕ್ಕದಲ್ಲಿ ಪೇಂಟಿಂಗ್ ವಿಭಾಗದವನೂ ಕೂತಿದ್ದ, ಆದರೆ ನೋಟ ನನ್ನ ಕಡೆಗೇ ಇತ್ತು ಅಂತ ನನ್ನ ನಂಬಿಕೆ.

ಒಂದೇ ಒಂದು ಪದ ಕೈಕೊಟ್ಟಿದೆ. ಡೆಲಿಗೇಟ್. ನಾವು ಮಾಡಬೇಕಾದ್ದನ್ನು ಇನ್ನೊಬ್ಬರ ಕೈಗೆ ಒಪ್ಪಿಸಿಬಿಡುವುದಂತೆ. ಮೂರು ದಿನದಿಂದ ಪ್ರಾಸ ಹುಡುಕುತ್ತಿದ್ದೇನೆ, ಸಿಕ್ಕಿಲ್ಲ. ನಿನಗೆ ಹೊಳೆದರೆ ಹೇಳು.

ಪ್ರಾಸಪ್ಪ


ಜುಲೈ 5

ಪ್ರಾಸಪ್ಪ,

ಡೆಲಿಗೇಟ್‌ಗೆ ನನಗೂ ಪ್ರಾಸ ಸಿಗಲಿಲ್ಲ. ನನ್ನ ಕೈಲಿ ಆಗುವುದು ಪ್ರಾಸವಲ್ಲ, ಪತ್ರ.

ಒಂದು ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ನಿನ್ನ ಜೋಡಿ ಸಾಲುಗಳನ್ನು ಓದಿ ನಗುತ್ತೇನೆ, ನಿಜ. ಆದರೆ ಅದರಲ್ಲೊಂದು ತೊಂದರೆ ಇದೆ. ಒಂದು ಪದ ಬೇಕಾದಾಗ ನೀನು ಎರಡು ಸಾಲು ಒಳಗೊಳಗೇ ಹೇಳಿಕೊಳ್ಳಬೇಕು. ಎದುರಿಗೆ ಕೂತವರು ಅಷ್ಟು ಹೊತ್ತು ಕಾಯುವುದಿಲ್ಲ. ಪ್ರಾಸದಿಂದ ಪದ ಬರುತ್ತದೆ, ವಾಕ್ಯ ಬರುವುದಿಲ್ಲ.

ಈ ಕಸುಬಿನ ಗುಟ್ಟು ಏನು ಗೊತ್ತಾ? ಬಿಸಿನೆಸ್ ಇಂಗ್ಲಿಷ್ ತೀರಾ ಸಣ್ಣ ಭಾಷೆ. ಅದರಲ್ಲಿ ಹುಟ್ಟು ಸಾವು ಇಲ್ಲ, ಜಗಳ ಇಲ್ಲ, ಮಗುವನ್ನು ಮಲಗಿಸುವುದಿಲ್ಲ. ಇರುವುದು ನೂರೋ ನೂರೈವತ್ತೋ ವಾಕ್ಯ. ಇಷ್ಟು ವರ್ಷ ನಾನು ಅವನ್ನೇ ತಿರುಗಾಮುರುಗಾ ಉಜ್ಜುತ್ತಿದ್ದೇನೆ. ‘ವಿ ರಿಗ್ರೆಟ್ ದ ಡಿಲೇ’ ಅಂತ ಸಾವಿರಾರು ಸಲ ಬರೆದಿದ್ದೇನೆ. ಒಂದು ಸಲವೂ ವಿಷಾದವಾಗಿಲ್ಲ.

ನೀನು ಬರೆದು ಕಳಿಸಲಿಲ್ಲ. ಅದಕ್ಕೆ ನಾನೇ ಊಹೆ ಮಾಡಿ ನಿನ್ನ ರವಾನೆ ವಿಭಾಗಕ್ಕೆ ಹೊಂದುವ ಅರವತ್ತು ವಾಕ್ಯ ಬರೆದು ಬೇರೆ ಲಕೋಟೆಯಲ್ಲಿಟ್ಟಿದ್ದೇನೆ. ಒಂದರ ಹಿಂದೊಂದು ಹೇಳಿದರೆ ಸರಿಯಾಗಿ ಹತ್ತು ನಿಮಿಷ. ನಿಂತುಕೊಂಡು ಗಟ್ಟಿಯಾಗಿ ಹೇಳಿ ನೋಡಿದ್ದೇನೆ, ಭಾವ ಗಡಿಯಾರ ಹಿಡಿದು ಕೂತಿದ್ದರು. ನೀನೂ ದಿನಾ ಬೆಳಿಗ್ಗೆ ಒಂದು ಸಲ ನಿನ್ನ ಹೆಂಡತಿಯ ಮುಂದೆ ನಿಂತು ಗಟ್ಟಿಯಾಗಿ ಹೇಳು. ತಪ್ಪಾದರೆ ಆಗಲಿ.

ಅಕ್ಕ


ಜುಲೈ 9

ಅಕ್ಕ,

ಲಕೋಟೆ ತಲುಪಿತು. ತೊಂದರೆ ತೆಗೆದುಕೊಂಡಿದ್ದಕ್ಕೆ ವಂದನೆ.

ನನ್ನ ಪ್ರಾಸದಲ್ಲಿ ತೊಂದರೆ ಇದೆ ಎಂದು ತಿಳಿಸಿದ್ದೀಯ. ಇರಬಹುದು. ನಾವು ಕಪ್ಪುಹಲಗೆ ಕಂಡವರು, ನೀವು ಪಿಯಾನೋ ಕಂಡವರು. ಅವತ್ತು ಬಸ್ಸು ತಪ್ಪಿದವನಿಗೆ ಮೂವತ್ತೇಳು ವರ್ಷ ಆದ ಮೇಲೆ ಟಿಕೆಟ್ ತಂದುಕೊಟ್ಟರೆ ಅವನು ಎಲ್ಲಿಗೆ ಹೋಗಬೇಕು ಹೇಳು.

ಮಂಡಿ ಪರವಾಗಿಲ್ಲ.

ತಮ್ಮ


ಆಗಸ್ಟ್ 2

ತಮ್ಮ,

ಕಾಗದವಿಲ್ಲ. ಫೋನು ಮಾಡಿದರೆ ನಿನ್ನ ಹೆಂಡತಿ, ನೀನು ಸ್ನಾನಕ್ಕೆ ಹೋಗಿದ್ದೀಯ ಅನ್ನುತ್ತಾಳೆ. ನಾಲ್ಕು ಸಲ ಮಾಡಿದೆ, ನಾಲ್ಕು ಸಲವೂ ಸ್ನಾನ. ಇಷ್ಟು ಶುಭ್ರವಾಗಿದ್ದವನಲ್ಲ ನೀನು.

ಹನ್ನೆರಡನೇ ತಾರೀಖು ಹತ್ತಿರ ಬಂತು. ನನ್ನ ಮಾತಿನಿಂದ ನೋವಾಗಿದ್ದರೆ ಅದನ್ನು ಪಕ್ಕಕ್ಕಿಡು. ಲಕೋಟೆ ಮಾತ್ರ ಪಕ್ಕಕ್ಕಿಡಬೇಡ.

ಅಕ್ಕ


ಆಗಸ್ಟ್ 14

ಅಧ್ಯಕ್ಷರೇ, ಗಣ್ಯರೇ, ಎದ್ದು ನಿಂತು ಚಪ್ಪಾಳೆ ತಟ್ಟುತ್ತಿರುವ ಮಹಾಜನಗಳೇ, ದಯವಿಟ್ಟು ಕುಳಿತುಕೊಳ್ಳಿ. ಕುಳಿತುಕೊಳ್ಳಿ ಅಂದೆ. ಅಕ್ಕ, ನೀನೂ.

ಮುಗಿಯಿತು. ಗೆದ್ದೆ.

ಹನ್ನೆರಡನೇ ತಾರೀಖು ಬೆಳಿಗ್ಗೆ ಹತ್ತೂವರೆಗೆ ನನ್ನ ಸರದಿ. ಉದ್ದನೆಯ ಮೇಜು, ಆ ಕಡೆ ಐದು ಜನ, ಐವರ ಮುಂದೆಯೂ ನೀರಿನ ಬಾಟಲಿ. ನಾನು ಇಸ್ತ್ರಿ ಹಾಕಿದ ತಿಳಿನೀಲಿ ಅಂಗಿಯಲ್ಲಿದ್ದೆ, ಬೆನ್ನಿಗೆ ಏನೂ ಅಂಟಿರಲಿಲ್ಲ. ಶುರು ಮಾಡಿದ ಮೇಲೆ ಒಂದು ಪದಕ್ಕೂ ತಡವರಿಸಲಿಲ್ಲ. ಟರ್ನೋವರ್ ಅಂದೆ, ಓವರ್‌ಹೆಡ್ ಅಂದೆ, ಸ್ಟೇಕ್‌ಹೋಲ್ಡರ್ ಅಂತ ಎರಡು ಸಲ ಅಂದೆ. ಹೊಸ ಮ್ಯಾನೇಜರ್ ಬರೆದುಕೊಳ್ಳುತ್ತಿದ್ದವರು ಪೆನ್ನು ಕೆಳಗಿಟ್ಟು ಕೇಳತೊಡಗಿದರು. ಹತ್ತು ನಿಮಿಷ ಹೇಗೆ ಹೋಯಿತೋ. ಮುಗಿದ ಮೇಲೆ ಐದು ಜನವೂ ಚಪ್ಪಾಳೆ. ಒಬ್ಬರಂತೂ ನೀರಿನ ಬಾಟಲಿಯನ್ನು ನನ್ನ ಕಡೆಗೇ ಸರಿಸಿದರು.

ಕುರ್ಚಿ ಉಳಿಯಿತು ಅಂತ ಬೇರೆ ಹೇಳಬೇಕಾಗಿಲ್ಲ.

ಅಪ್ರೈಸಲ್ ಬಂತು ವರುಷಕ್ಕೆ,
ಎಣೆಯೇ ಇಲ್ಲ ಹರುಷಕ್ಕೆ.

ನಿನ್ನ ವಾಕ್ಯಗಳೂ ಉಪಯೋಗಕ್ಕೆ ಬಂದವು, ಅಲ್ಲಲ್ಲಿ.

ಇಂತಿ ವಿಜಯಿ,
ಪ್ರಾಸಪ್ಪ


ಆಗಸ್ಟ್ 22

ನನ್ನ ಪ್ರಾಸಪ್ಪ,

ನಿನ್ನ ಕಾಗದವನ್ನು ಕಚೇರಿಯಲ್ಲಿ ಒಡೆದೆ. ಮನೆಗೆ ಹೋಗಿ ಓದೋಣ ಅಂತಿದ್ದೆ, ತಡೆಯಲಾಗಲಿಲ್ಲ. ಓದಿ ಮುಗಿಸಿದ ಮೇಲೆ ಶೌಚಾಲಯಕ್ಕೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ನಲವತ್ತೆಂಟು ವಯಸ್ಸಿನ ಹೆಂಗಸು. ಕೈ ತೊಳೆಯುತ್ತಿದ್ದ ಹುಡುಗಿ ಹೊರಗಿನಿಂದ “ಮೇಡಂ, ಯಾರಾದರೂ ತೀರಿಕೊಂಡರಾ?” ಅಂದಳು. “ಇಲ್ಲಮ್ಮ, ನನ್ನ ತಮ್ಮ ಪಾಸಾದ” ಅಂದೆ.

ಈಗ ನೀನು ಗೆದ್ದಿದ್ದೀಯ, ಇನ್ನು ಹೇಳಬಹುದು. ಇಷ್ಟು ದಿನ ಹೇಳಿದ್ದರೆ ನೀನು ಅದನ್ನೂ ಭಾಷಣ ಮಾಡಿ ಎಸೆದುಬಿಡುತ್ತಿದ್ದೆ.

ಬಸ್ಸು ತಪ್ಪಿದವನು ಅಂತ ಬರೆದಿದ್ದೆಯಲ್ಲ ಜುಲೈಯಲ್ಲಿ, ಆ ಕಾಗದ ಇನ್ನೂ ನನ್ನ ಕೈಚೀಲದಲ್ಲಿದೆ. ಆ ಮಾತು ನಿಜ ಅಂತ ನನಗೆ ಮೊದಲಿನಿಂದಲೂ ಗೊತ್ತಿತ್ತು. ತಾನು ಕೆಲಸ ಮಾಡುವ ಇಂಗ್ಲಿಷ್ ಶಾಲೆಯಲ್ಲಿ ಮನೆಯ ಒಂದು ಮಗುವಿಗೆ ಶುಲ್ಕವಿಲ್ಲ ಅಂತ ಹೇಳಿ ಸೋದರತ್ತೆ ಕರೆದುಕೊಂಡು ಹೋಗಲು ಬಂದದ್ದು ನಿನ್ನನ್ನು. ಹೊಸ ಕಪ್ಪು ಶೂ ತಂದಿದ್ದರು, ಹುಡುಗರ ಶೂ, ಬೆಳೆಯುವ ಕಾಲು ಅಂತ ಒಂದು ಅಳತೆ ದೊಡ್ಡದು. ಅವತ್ತು ಮಧ್ಯಾಹ್ನ ನೀನು ಎಲ್ಲೋ ಆಡಲು ಹೋಗಿದ್ದೆ. ಎಲ್ಲಿ ಹುಡುಕಿದರೂ ಸಿಗಲಿಲ್ಲ. ಬಸ್ಸಿನವನು ತಿರುವಿನಲ್ಲಿ ನಿಲ್ಲಿಸಿಕೊಂಡು ಹಾರ್ನ್ ಹೊಡೆಯುತ್ತಿದ್ದ. ಇದ್ದದ್ದು ಅದೊಂದೇ ಬಸ್ಸು. ಅತ್ತೆಗೆ ಸಿಟ್ಟು ಬಂತು. “ಯಾರಾದರೂ ಒಬ್ಬರು ಹತ್ತಿ, ನಾನು ಹೊರಟೆ” ಅಂದರು. ನಾನು “ನಾನು ಬರ್ತೀನಿ” ಅಂದೆ. ಯಾರೂ ನನ್ನನ್ನು ಕೇಳಿರಲಿಲ್ಲ. ಹೊಸಿಲ ಹತ್ತಿರ ಇದ್ದ ನಿನ್ನ ಶೂ ಹಾಕಿಕೊಂಡು ಓಡಿ ಹತ್ತಿಬಿಟ್ಟೆ. ನೀನು ಆಟ ಮುಗಿಸಿ ಬಂದಾಗ ಶೂ ಇಲ್ಲದ ಹೊಸಿಲನ್ನು ಹೇಗೆ ನೋಡಿರಬಹುದು ಅಂತ ಯೋಚಿಸದ ವರ್ಷವೇ ಇಲ್ಲ.

ಅಲ್ಲಿ ಚೆನ್ನಾಗಿತ್ತು ಅಂತ ನೀವೆಲ್ಲ ಅಂದುಕೊಂಡಿದ್ದೀರಿ. ನನ್ನ ಕಾಗದಗಳು ಹಾಗೇ ಇರುತ್ತಿದ್ದವು. ಅತ್ತೆ ಓದಿ ನೋಡಿದ ಮೇಲೇ ಅಂಚೆಗೆ ಹಾಕುತ್ತಿದ್ದರು, ಹಾಗಿರಲೇಬೇಕಿತ್ತು. ನಿಜ ಹೇಳಬೇಕೆಂದರೆ ನಾನು ಹದಿಮೂರು ತಿಂಗಳು ಆ ಶಾಲೆಯಲ್ಲಿ ಬಾಯಿ ಬಿಡಲಿಲ್ಲ. ಕನ್ನಡ ಆಡಿದರೆ ಊಟದ ಹೊತ್ತಿನಲ್ಲಿ ಗೋಡೆಗೆ ಮುಖ ಮಾಡಿ ನಿಲ್ಲಿಸುತ್ತಿದ್ದರು, ಇಂಗ್ಲಿಷ್ ಬರುತ್ತಿರಲಿಲ್ಲ. ಮೂಗಿ ಅಂತ ಹೆಸರಿಟ್ಟರು. ಕರೆದರೆ ತಿರುಗಿ ನೋಡುವಷ್ಟು ರೂಢಿಯಾಗಿಬಿಟ್ಟಿತ್ತು ಆ ಹೆಸರು.

ನಾನು ಅಲ್ಲಿ ಆಡಿದ ಮೊದಲ ಮಾತು ಯಾವುದು ಗೊತ್ತಾ? ಒಂದು ದಿನ ತರಗತಿಯ ಮಧ್ಯೆ ಎದ್ದು ನಿಂತು ‘ಮೇ ಐ ಗೋ ಹೋಮ್’ ಅಂದೆ. ಮನಸ್ಸಿನಲ್ಲೇ ವಾರಗಟ್ಟಲೆ ಜೋಡಿಸಿದ್ದೆ. ಟೀಚರಿಗೆ ಸಂತೋಷವಾಗಿಬಿಟ್ಟಿತು. ಶುದ್ಧವಾದ ವಾಕ್ಯ ಅಂತ ಹೇಳಿ ಎಲ್ಲರ ಕೈಲಿ ಚಪ್ಪಾಳೆ ತಟ್ಟಿಸಿದರು. ಮನೆಗೆ ಮಾತ್ರ ಯಾರೂ ಕಳಿಸಲಿಲ್ಲ.

ಓಡಿ ಬಂದುಬಿಡಬಹುದಿತ್ತು. ಬರಲಿಲ್ಲ. ಇದು ತಮ್ಮನ ಪಾಲು, ಕಿತ್ತುಕೊಂಡು ಬಂದಿದ್ದೇನೆ, ಹಾಳು ಮಾಡಬಾರದು ಅಂತ ಪಟ್ಟು ಹಿಡಿದು ಕಲಿತೆ. ರಜೆಗೆ ಬಂದಾಗ ನೀನು ಮಂಚ ಹತ್ತಿ, ನೆಂಟರನ್ನೆಲ್ಲ ಕೂಡಿಸಿ, ‘ಲೇಡೀಸ್ ಅಂಡ್ ಜಂಟಲ್‌ಮನ್’ ಅಂತ ಶುರು ಮಾಡಿ ನನ್ನ ಹಾಗೆ ತುಟಿ ಸೊಟ್ಟ ಮಾಡಿ ಗಳಗಳ ಅಂತ ಏನೋ ಅನ್ನುತ್ತಿದ್ದೆ. ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಅವನಿಗೆ ಸಿಟ್ಟು ಬರುವುದು ನ್ಯಾಯವೇ, ಅನ್ನಲಿ, ಅಂದುಕೊಳ್ಳುತ್ತಿದ್ದೆ. ಈ ಜೂನ್‌ನಲ್ಲಿ ನಿನ್ನ ಮೊದಲ ಕಾಗದ ‘ಮಾನ್ಯ ಅಧ್ಯಕ್ಷರೇ’ ಅಂತ ಬಂದಾಗಲೂ, ಮತ್ತೆ ನನ್ನನ್ನು ಆಡಿಕೊಳ್ಳಲು ಮಂಚ ಹತ್ತಿದ್ದಾನೆ ಅಂತಲೇ ತಿಳಿದೆ. ಅದಕ್ಕೇ ಪ್ರಾಸದ ಬಗ್ಗೆ ಅಷ್ಟು ಖಾರವಾಗಿ ಬರೆದದ್ದು. ತಪ್ಪಾಯಿತು.

ಈಗ ನಿನ್ನ ಪಾಲು ನಿನಗೆ ಸಿಕ್ಕಿತು. ತಡವಾಗಿ ಸಿಕ್ಕಿತು, ನಾನು ಕೊಟ್ಟದ್ದಲ್ಲ, ನೀನೇ ದುಡಿದು ಪಡೆದೆ. ನನ್ನ ತಲೆಯ ಮೇಲಿಂದ ಏನೋ ಇಳಿದ ಹಾಗಿದೆ. ಇವತ್ತು ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಒಂದು ನಿಲ್ದಾಣ ಮುಂದೆ ಹೋಗಿಬಿಟ್ಟೆ. ಹಗುರವಾಗಿ ನಡೆದುಕೊಂಡು ವಾಪಸ್ ಬಂದೆ.

ಆ ಹತ್ತು ನಿಮಿಷದ ಮಾತನ್ನು ಪೂರ್ತಿ ಬರೆದು ಕಳಿಸುತ್ತೀಯಾ? ಭಾವನಿಗೆ ಓದಿ ಹೇಳಬೇಕು.

ನಿನ್ನ ಅಕ್ಕ


ಸೆಪ್ಟೆಂಬರ್ 3

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿನ

ಬೇಡ. ಸಭೆ ಬರಖಾಸ್ತು. ಇಲ್ಲಿ ಯಾರೂ ಇಲ್ಲ, ಯಾವತ್ತೂ ಇರಲಿಲ್ಲ. ನೀನು, ನಾನು.

ಅಕ್ಕ, ನಿನ್ನ ಕಾಗದ ಬಂದದ್ದು ಇಪ್ಪತ್ತೇಳಕ್ಕೆ. ಓದಿದ ಮೇಲೆ ಹೆಂಡತಿಯ ಕೈಗೆ ಕೊಟ್ಟೆ. ಅವಳು ಓದಿ, ಮಡಿಸಿ, ಮೇಜಿನ ಮೇಲಿಟ್ಟು, “ಹೇಳಿಬಿಡಿ” ಅಂದಳು. ಅಷ್ಟೇ. 

ಹನ್ನೆರಡನೇ ತಾರೀಖು ನಾನು ಆ ಕೋಣೆಗೆ ಹೋಗಲೇ ಇಲ್ಲ. ಉದ್ದನೆಯ ಮೇಜನ್ನು ಕಿಟಕಿಯಿಂದ ನೋಡಿದ್ದೆ, ಐದು ಬಾಟಲಿಗಳನ್ನೂ ನೋಡಿದ್ದೆ. ಉಳಿದದ್ದೆಲ್ಲ ಕಟ್ಟಿದ್ದು. ಹಿಂದಿನ ದಿನ ಕ್ಯಾಂಟೀನಿನಲ್ಲಿ ಮೇಡಂ ನನ್ನನ್ನು ನಿಲ್ಲಿಸಿ ಮಾತಾಡಿಸಿ ನೋಡಿದ್ದರು. ನೀನು ಹೇಳಿದ ಹಾಗೇ ಆಯಿತು. ಡೆಡ್‌ಲೈನ್ ಅನ್ನಬೇಕಾದಾಗ ಒಳಗೊಳಗೇ ಗಡುವು, ಬಿಡುವು ಅಂತ ಗೊಣಗುತ್ತಾ ನಿಂತೆ. ಪೇಂಟಿಂಗ್ ವಿಭಾಗದವನು, ಪಾಪ, ನನಗೆ ತಲೆ ಸುತ್ತುತ್ತಿದೆ ಅಂತ ತಿಳಿದು ಕುರ್ಚಿ ತಂದು ಹಿಂದೆ ಇಟ್ಟ.

ಮರುದಿನ ಹತ್ತೂವರೆಗೆ ನನ್ನ ಹೆಸರು ಮೈಕಿನಲ್ಲಿ ಮೂರು ಸಲ ಕೂಗಿದರು. ನಾನು ಗೋದಾಮಿನಲ್ಲಿ, ಒರಗಿಸಿಟ್ಟ ಹದಿನಾರಡಿ ಏಣಿಗಳ ಹಿಂದೆ, ಉಕ್ಕಿನ ಡಬ್ಬದ ಮೇಲೆ ಕೂತಿದ್ದೆ. ಕೈಯಲ್ಲಿ ಸ್ಟಾಕ್ ಪಟ್ಟಿ ಹಿಡಿದಿದ್ದೆ, ಯಾರಾದರೂ ಬಂದರೆ ಏಣಿ ಎಣಿಸುತ್ತಿದ್ದೇನೆ ಅನ್ನೋಣ ಅಂತ. ಊಟದ ಗಂಟೆ ಹೊಡೆಯುವವರೆಗೆ ಅಲ್ಲೇ ಇದ್ದೆ. ಆಮೇಲೆ ಜ್ವರ ಅಂದೆ. ಮ್ಯಾನೇಜರ್ ನನ್ನ ಮುಖ ನೋಡಿದರು. ನಂಬಲಿಲ್ಲ ಅಂತ ಗೊತ್ತಾಯಿತು. ಆದರೂ ಸೆಪ್ಟೆಂಬರ್ ಎರಡಕ್ಕೆ ಬನ್ನಿ, ಅದೇ ಕೊನೆ, ಅಂದರು. ಮನೆಗೆ ಬಂದು ಎರಡು ದಿನ ಬಿಟ್ಟು ನಿನಗೆ ಆ ವಿಜಯದ ಕಾಗದ ಬರೆದೆ. ಅಲ್ಲಲ್ಲಿ ಉಪಯೋಗಕ್ಕೆ ಬಂತು ಅಂತ ಬರೆದ ನಿನ್ನ ಲಕೋಟೆ ಆಗ ಇನ್ನೂ ಒಡೆದೇ ಇರಲಿಲ್ಲ.

ಇಪ್ಪತ್ತೇಳನೇ ತಾರೀಖು ಸಂಜೆ ಒಡೆದೆ. ಅರವತ್ತು ವಾಕ್ಯ, ಉಸಿರು ತೆಗೆದುಕೊಳ್ಳುವ ಕಡೆ ಕೆಂಪು ಶಾಯಿಯಲ್ಲಿ ಒಂದೊಂದು ಗೆರೆ. ಮನೆಯ ಚೀಟಿಗಳನ್ನೆಲ್ಲ ಕಿತ್ತು ಹಾಕಿದೆ. ಆರು ದಿನ ಬೆಳಿಗ್ಗೆ ಅಡುಗೆಮನೆ ಬಾಗಿಲಲ್ಲಿ ನಿಂತು ಹೆಂಡತಿಗೆ ಒಪ್ಪಿಸಿದೆ. ಅವಳು ಗಡಿಯಾರ ನೋಡುತ್ತಿದ್ದಳು, ನನ್ನನ್ನು ನೋಡುತ್ತಿರಲಿಲ್ಲ.

ನಿನ್ನೆ ಹೋದೆ. ಎಂಟು ನಿಮಿಷ ಮಾತಾಡಿದೆ. ಎರಡು ವಾಕ್ಯ ಮರೆತುಹೋಯಿತು, ಒಂದನ್ನು ಎರಡು ಸಲ ಹೇಳಿದೆ. ಹನ್ನೊಂದು ವರ್ಷದಲ್ಲಿ ಒಂದು ಏಣಿಯೂ ತಪ್ಪು ವಿಳಾಸಕ್ಕೆ ಹೋಗಿಲ್ಲ ಅನ್ನುವ ವಾಕ್ಯ ಬಂದಾಗ ಮಾತ್ರ ಮ್ಯಾನೇಜರ್ ತಲೆಯೆತ್ತಿದರು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಯಾರೂ ಬಾಟಲಿ ಸರಿಸಲಿಲ್ಲ. ಆರು ತಿಂಗಳು ಇದೇ ಕುರ್ಚಿಯಲ್ಲಿರಿ, ಆಮೇಲೆ ನೋಡೋಣ, ಅಂದರು. ಇದು ನಿಜ. ಇದನ್ನು ಭಾವನಿಗೆ ಓದಿ ಹೇಳಬಹುದು.

ಮುಂದಿನದನ್ನು ನೀನೊಬ್ಬಳೇ ಓದು.

ನೀನು ನನ್ನ ಪಾಲು ಕಿತ್ತುಕೊಳ್ಳಲಿಲ್ಲ. ಅವತ್ತು ನಾನು ಆಡಲು ಹೋಗಿರಲಿಲ್ಲ. ಹಿಂದಿನ ದಿನ ಅತ್ತೆ, ಅಲ್ಲಿ ಎಲ್ಲ ಇಂಗ್ಲಿಷಿನಲ್ಲೇ ಮಾತಾಡಬೇಕು, ಗೊತ್ತಾಯ್ತಾ ಅಂದಿದ್ದರು. ಬಸ್ಸಿನ ಹೊತ್ತಾಗುತ್ತಿದ್ದಂತೆ ಹೆದರಿಕೊಂಡು ನಡುಮನೆಯ ಅಟ್ಟಕ್ಕೆ ಹತ್ತಿ, ಏಣಿಯನ್ನು ಮೇಲಕ್ಕೆ ಎಳೆದುಕೊಂಡೆ. ಏಣಿ ಇಲ್ಲದ ಅಟ್ಟದಲ್ಲಿ ಯಾರು ಹುಡುಕುತ್ತಾರೆ? ಅಪ್ಪ ಮೂರು ಸಲ ಕೂಗಿದರು. ಬಸ್ಸು ಹೋದ ಎಷ್ಟೋ ಹೊತ್ತಿನ ಮೇಲೆ ಇಳಿದು, ಕಾಲಿಗೆ ಮಣ್ಣು ಮೆತ್ತಿಕೊಂಡು, ಆಟದಿಂದ ಬಂದವನ ಹಾಗೆ ಬಂದೆ. ನನ್ನ ಶೂ ಎಲ್ಲಿ ಅಂತ ಅತ್ತುಬಿಟ್ಟೆ ಕೂಡ. ಎಲ್ಲರೂ ನನ್ನನ್ನೇ ಸಮಾಧಾನ ಮಾಡಿದರು. ಅಲ್ಲಿಂದ ಬಸ್ಸು ತಪ್ಪಿದವನಾದೆ. ಹಾಗನ್ನಿಸಿಕೊಳ್ಳುವುದು ಹಿತವಾಗಿತ್ತು. ನೀನು ಪ್ರತಿ ರಜೆಯಲ್ಲೂ ನನ್ನ ಕಡೆ ತಪ್ಪಿತಸ್ಥಳ ಹಾಗೆ ನೋಡುತ್ತಿದ್ದೆ. ಅದು ಯಾಕೆ ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೇ ಮಂಚ ಹತ್ತುತ್ತಿದ್ದೆ.

ಮೂಗಿ ಅನ್ನಿಸಿಕೊಂಡ ಆ ಹದಿಮೂರು ತಿಂಗಳು ನನ್ನವು ಅಕ್ಕ. ನಿನ್ನ ಕೈಗೆ ಒಪ್ಪಿಸಿಬಿಟ್ಟಿದ್ದೆ.

ಅಟ್ಟದ ಹಲಗೆಗಳ ನಡುವೆ ಸಂದಿಯಿತ್ತು. ಹೊಸಿಲು ಕಾಣುತ್ತಿತ್ತು. ನಿನಗೆ ಶೂ ದಾರ ಕಟ್ಟಲು ಬರುತ್ತಿರಲಿಲ್ಲ, ನೀನು ಎರಡು ಸಲ ಕಟ್ಟಿದೆ, ಎರಡು ಸಲವೂ ಬಿಚ್ಚಿಹೋಯಿತು. ನನಗೆ ಬರುತ್ತಿತ್ತು, ಹಿಂದಿನ ದಿನ ಅತ್ತೆ ಕಲಿಸಿದ್ದರು. ನಾನು ಏಣಿಯನ್ನು ತಬ್ಬಿಕೊಂಡು ಮೇಲೆ ಕೂತು ನೋಡುತ್ತಿದ್ದೆ.